ತತ್ತಿ ಸಿಕ್ಕಿಕೊಂಡ ಕೋಳಿ ಉಳಿದದ್ದು ಹೀಗೆ

ಗಂಗಾವತಿಯ ನಮ್ಮ ಹಿತ್ತಲಲ್ಲಿ ಆರು ಜವಾರಿ ಕೋಳಿಗಳಿವೆ. ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಕರಿ ಕೋಳಿ ಮೂಲೆ ಹಿಡಿದು ನಿಂತಿತ್ತು. ಪುಕ್ಕ ಉಬ್ಬಿಸಿ, ಬಾಲ ಇಳಿಬಿಟ್ಟು, ಆಗಾಗ ತಿಣುಕುತ್ತಿತ್ತು. ಕಾಳು ಹಾಕಿದರೂ ಕದಲಲಿಲ್ಲ.

"ಕೊಕ್ಕರೆ ರೋಗ ಬಂದೈತೇನೋ, ಮೊದ್ಲು ಬ್ಯಾರೆ ಇಡಪ್ಪ" ಎಂದಳು ಅವ್ವ. ಕೋಳಿಯಿಂದ ಕೋಳಿಗೆ ಬೇಗ ಹರಡಿ ಕೊಲ್ಲುವ ರಾಣಿಖೇತ್ ರೋಗಕ್ಕೆ ಹಾಗನ್ನುತ್ತಾರೆ. ನನಗೂ ಎದೆ ಧಸಕ್ಕೆಂದಿತು. ಬೇರೆ ಇಟ್ಟು ನೋಡಿದೆ. ಹಸಿರು ಹಿಕ್ಕೆ ಇಲ್ಲ, ಕತ್ತು ತಿರುಚಿಲ್ಲ, ಬಾಯಿ ತೆರೆದು ಏದುಸಿರು ಬಿಡುತ್ತಿಲ್ಲ. ಹಿಂಭಾಗದಲ್ಲಿ ಹೊಟ್ಟೆಯ ಮೇಲೆ ಮೆಲ್ಲಗೆ ಕೈಯಾಡಿಸಿದೆ. ಗಟ್ಟಿಯಾಗಿ ಗುಂಡಗೆ ಸಿಕ್ಕಿತು. ತತ್ತಿ! ಎರಡು ದಿನದಿಂದ ಅದು ತತ್ತಿಯನ್ನೇ ಹಾಕಿರಲಿಲ್ಲ.

ಅಗಲ ಪಾತ್ರೆಯಲ್ಲಿ ಬೆಚ್ಚಗಿನ ನೀರು ಹಾಕಿ, ಹೊಟ್ಟೆ ಮುಳುಗುವಷ್ಟು 20 ನಿಮಿಷ ಕೂರಿಸಿದೆ. ಮೊದಲು ಒದ್ದಾಡಿತು, ಆಮೇಲೆ ಕಣ್ಣು ಮುಚ್ಚಿ ಸುಮ್ನೆ ಕೂತಿತು. ಮೈ ಒರೆಸಿ, ತತ್ತಿ ಬರುವ ಜಾಗಕ್ಕೆ ಕೊಬ್ಬರಿ ಎಣ್ಣೆ ಸವರಿ, ಕತ್ತಲೆ ಕೋಣೆಯಲ್ಲಿ ಬುಟ್ಟಿ ಮುಚ್ಚಿಟ್ಟೆ. ಮಧ್ಯಾಹ್ನ ಮತ್ತೊಮ್ಮೆ ಹಾಗೇ ಮಾಡಿದೆ. ಹೊಟ್ಟೆ ಅದುಮಿ ಹೊರಗೆ ತೆಗೆಯಲು ಮಾತ್ರ ಹೋಗಬೇಡಿ. ತತ್ತಿ ಒಳಗೇ ಒಡೆದರೆ ಜೀವಕ್ಕೇ ಅಪಾಯ.

ಸಂಜೆ ತತ್ತಿ ಬಂತು. ಸಿಪ್ಪೆ ತೆಳ್ಳಗೆ, ತರಿತರಿಯಾಗಿತ್ತು. ಅವ್ವನ ಕಣ್ಣಲ್ಲಿ ನೀರು.

ಮರುದಿನ ಪಶುವೈದ್ಯರು ನೋಡಿ ಕ್ಯಾಲ್ಸಿಯಂ ಟಾನಿಕ್ ಬರೆದುಕೊಟ್ಟರು. ಒಂದು ಸಿಪ್ಪೆಗೇ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕಂತೆ. ನಮ್ಮದು ಭತ್ತದ ಸೀಮೆ, ನಾವು ಬರೀ ನುಚ್ಚು, ತೌಡು ಹಾಕುತ್ತಿದ್ದೆವು. ಅವುಗಳಲ್ಲಿ ಅದು ತೀರಾ ಕಮ್ಮಿ. ಈಗ ತತ್ತಿ ಸಿಪ್ಪೆ ಹುರಿದು, ಕುಟ್ಟಿ, ಬೇರೆ ತಟ್ಟೆಯಲ್ಲಿ ಇಡುತ್ತೇವೆ. ಕರಿ ಕೋಳಿ ಎಲ್ಲಕ್ಕಿಂತ ಮೊದಲು ಓಡಿ ಬರುತ್ತದೆ.