ಇಂಗ್ಲೆಂಡಿನಲ್ಲಿ ಯಕ್ಷಗಾನ ಸಂಘ: ದುಡ್ಡು, ಕಾಗದಪತ್ರ, ಕಾನೂನು

ಶಿರಸಿ, ಕುಮಟಾ, ಹೊನ್ನಾವರ ಕಡೆಯವರು ನಾಲ್ಕು ಜನ ಒಂದೆಡೆ ಸೇರಿದರೆ ತಾಳಮದ್ದಳೆ ಆಗಲೇಬೇಕು. ಐದನೆಯವರು ಚಂಡೆ ತಂದರೆ ಆಟವೇ, ಅಂದರೆ ಯಕ್ಷಗಾನವೇ, ಆಗುತ್ತದೆ. ಇಂಗ್ಲೆಂಡಿನಲ್ಲೂ ಅಷ್ಟೇ. ಮೊದಲು ಯಾರದ್ದೋ ಮನೆಯಲ್ಲಿ ನಡೆಯುತ್ತದೆ, ಆಮೇಲೆ ಶಾಲೆಯ ಹಾಲ್ ಬಾಡಿಗೆಗೆ ಹಿಡಿಯುತ್ತಾರೆ. ನೋಡನೋಡುತ್ತಿದ್ದಂತೆ ಸಂಘದ ಎರಡು ಮೂರು ಸಾವಿರ ಪೌಂಡ್ ಒಬ್ಬರ ಸ್ವಂತ ಖಾತೆಯಲ್ಲಿ ಕೂತಿರುತ್ತದೆ. ತಲೆಬಿಸಿ ಶುರುವಾಗುವುದೇ ಅಲ್ಲಿಂದ.

ನಮ್ಮ ಕಡೆ ಮೇಳಕ್ಕೆ ಯಜಮಾನರಿರುತ್ತಾರೆ. ಲಾಭ ಬಂದರೂ ಅವರದ್ದು, ನಷ್ಟವಾದರೂ ಅವರದ್ದು. ಹವ್ಯಾಸಿ ಸಂಘವಾದರೆ ರಸೀದಿ ಪುಸ್ತಕ ಹಿಡಿದು ಪಟ್ಟಿ ಎತ್ತುತ್ತಾರೆ. ಇಲ್ಲಿನ ಹವ್ಯಾಸಿ ಸಂಗೀತ ನಾಟಕ ಸಂಘಗಳಲ್ಲಿ ಯಜಮಾನರೇ ಇಲ್ಲ. ಹಗಲು ಬ್ಯಾಂಕಿನಲ್ಲೋ ಆಸ್ಪತ್ರೆಯಲ್ಲೋ ಕೆಲಸ ಮಾಡಿ, ಸಂಜೆ ಹಾಡಿ ಕುಣಿಯುವವರು ಸೇರಿ ಕಟ್ಟಿದ ಸಂಘಗಳಿವು. ಎಷ್ಟೋ ಸಂಘಗಳು ಚಾರಿಟಿಗಳಾಗಿಯೇ, ಅಂದರೆ ಲಾಭಕ್ಕಲ್ಲದೆ ಸಾರ್ವಜನಿಕರ ಹಿತಕ್ಕೆ ನಡೆಯುವ ಸಂಸ್ಥೆಗಳಾಗಿಯೇ, ನೋಂದಣಿಯಾಗಿವೆ. ನೋಡಾ (NODA) ಎಂಬ ಅವುಗಳ ಒಕ್ಕೂಟ ಶುರುವಾದದ್ದು 1899ರಲ್ಲಿ. ದಾರಿ ಹಳೆಯದು, ಚೆನ್ನಾಗಿ ಸವೆದಿದೆ. ಯಕ್ಷಗಾನ ಸಂಘವೂ ಅದರಲ್ಲೇ ನಡೆಯಬಹುದು. ಆದರೆ ಒಂದು ಕೆಲಸವನ್ನು ಮೊದಲ ದಿನದಿಂದಲೇ ಮಾಡಿ: ಟಿಕೆಟ್ ಹಣ, ದಾನದ ಹಣ, ಅನುದಾನದ ಹಣ ಮೂರನ್ನೂ ಬೇರೆ ಬೇರೆ ಬರೆದಿಡಿ. ಮುಂದಿನ ಲೆಕ್ಕವೆಲ್ಲ ಅದರ ಮೇಲೇ ನಿಂತಿದೆ.

ಮೊದಲು ಸಂಘದ ಸ್ವರೂಪ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಚಾರಿಟಿ ಕಮಿಷನ್ ಇದನ್ನು ನೋಡಿಕೊಳ್ಳುತ್ತದೆ. ವರ್ಷದ ಆದಾಯ 5,000 ಪೌಂಡ್ ದಾಟಿದರೆ ಚಾರಿಟಿ ನೋಂದಣಿ ಕಡ್ಡಾಯ. ಅದಕ್ಕೆ ಶುಲ್ಕವಿಲ್ಲ. ಸಿಐಒ (ಚಾರಿಟಬಲ್ ಇನ್‌ಕಾರ್ಪೊರೇಟೆಡ್ ಆರ್ಗನೈಸೇಶನ್) ಎಂಬ ಬಗೆಯದನ್ನು ಆರಿಸಿಕೊಂಡರೆ ಆದಾಯ ಎಷ್ಟೇ ಇರಲಿ, ನೋಂದಣಿ ಬೇಕೇ ಬೇಕು. ನನ್ನ ಸಲಹೆ ಸಿಐಒ. ಕಾರಣ ಸರಳ: ಸುಮ್ನೆ ಒಂದು ಸಮಿತಿ ಮಾಡಿಕೊಂಡರೆ ಹಾಲ್ ಬಾಡಿಗೆಯ ಕರಾರಿಗೆ ಸಹಿ ಹಾಕಿದವರೇ ಸಾಲಕ್ಕೆ ಹೊಣೆ. ಸಿಐಒ ಆದರೆ ಕರಾರು ಸಂಘದ ಹೆಸರಿನಲ್ಲೇ ಆಗುತ್ತದೆ. ನಿಯಮಾವಳಿಯ ಮಾದರಿ ಕಮಿಷನ್ ಜಾಲತಾಣದಲ್ಲೇ ಸಿಗುತ್ತದೆ, ವಕೀಲರಿಗೆ ದುಡ್ಡು ಸುರಿಯಬೇಕಾಗಿಲ್ಲ. ಸ್ಕಾಟ್ಲೆಂಡಿನವರಿಗೆ ಈ 5,000ದ ಲೆಕ್ಕವಿಲ್ಲ. ಅಲ್ಲಿ ನೋಂದಣಿ ಆಗದೆ ಚಾರಿಟಿ ಎಂದು ಹೇಳಿಕೊಳ್ಳುವ ಹಾಗೇ ಇಲ್ಲ.

ಉದ್ದೇಶ ಬರೆಯುವಾಗ ಜಾಗ್ರತೆ. ಕಲೆ ಮತ್ತು ಸಂಸ್ಕೃತಿಯನ್ನು ಬೆಳೆಸುವುದು ಕಾನೂನು ಒಪ್ಪಿದ ಉದ್ದೇಶ. ಆದರೆ ಅದರಿಂದ ಸಾರ್ವಜನಿಕರಿಗೆ ಪ್ರಯೋಜನ ಆಗಬೇಕು. ನೆಂಟರಿಷ್ಟರು ಸೇರಿ ತಮಗಾಗಿ ಮಾಡಿಕೊಂಡ ಕೂಟ ಚಾರಿಟಿ ಆಗುವುದಿಲ್ಲ. ಒಂದೇ ಜಾತಿಯವರಿಗೆ ಎಂದು ಬರೆದರಂತೂ ಮುಗಿಯಿತು.

ಟ್ರಸ್ಟಿಗಳು, ಅಂದರೆ ಸಂಘದ ಹೊಣೆ ಹೊತ್ತವರು, ಕನಿಷ್ಠ ಮೂವರಿರಲಿ. ಟ್ರಸ್ಟಿ ಆಗಿದ್ದಕ್ಕೆ ಸಂಬಳವಿಲ್ಲ. ನಿಮ್ಮ ಭಾಗವತರೇ ಟ್ರಸ್ಟಿ ಆಗಿದ್ದು, ಪದ್ಯ ಹೇಳಿದ್ದಕ್ಕೆ ಸಂಭಾವನೆ ಕೊಡಬೇಕೆಂದರೆ? ಕೊಡಬಹುದು. ನಿಯಮಾವಳಿ ಅದಕ್ಕೆ ಅಡ್ಡ ಬರಬಾರದು, ಲಿಖಿತ ಒಪ್ಪಂದ ಇರಬೇಕು, ಆ ತೀರ್ಮಾನದಲ್ಲಿ ಅವರು ಕೂರಬಾರದು, ಹೀಗೆ ಹಣ ಪಡೆಯುವವರು ಟ್ರಸ್ಟಿಗಳಲ್ಲಿ ಅರ್ಧಕ್ಕಿಂತ ಕಡಿಮೆ ಇರಬೇಕು. ಭಾಗವತರ ಎದುರು ಇದನ್ನು ಹೇಳಲು ಸಂಕೋಚವಾಗುತ್ತದೆ, ನಿಜ. ಹೇಳಿಬಿಡಿ.

ಈಗ ಗಿಫ್ಟ್ ಏಡ್. ನಮ್ಮವರು ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ. ಇಲ್ಲಿ ಆದಾಯ ತೆರಿಗೆ ಕಟ್ಟುವವರು 100 ಪೌಂಡ್ ದಾನ ಕೊಟ್ಟರೆ ಸರ್ಕಾರ ಸಂಘಕ್ಕೆ ಇನ್ನೂ 25 ಪೌಂಡ್ ಸೇರಿಸಿ ಕೊಡುತ್ತದೆ. ಶೇ. 40ರ ದರದಲ್ಲಿ ತೆರಿಗೆ ಕಟ್ಟುವವರಾದರೆ ಅವರಿಗೂ 25 ಪೌಂಡ್ ವಾಪಸ್ ಸಿಗುತ್ತದೆ. ಅವರ ಕೈಯಿಂದ ಹೋದದ್ದು 75, ಸಂಘಕ್ಕೆ ಬಂದದ್ದು 125. ಐಟಿ ಕಂಪನಿಯಲ್ಲಿರುವ ಸದಸ್ಯರಿಗೆ ಇದನ್ನು ಒಮ್ಮೆ ಕಾಗದದ ಮೇಲೆ ಬರೆದು ತೋರಿಸಿ. ಇದಕ್ಕೆ ಚಾರಿಟಿ ಕಮಿಷನ್ ನೋಂದಣಿ ಸಾಲದು. ತೆರಿಗೆ ಇಲಾಖೆ ಎಚ್‌ಎಂಆರ್‌ಸಿಯಲ್ಲಿ ಬೇರೆಯೇ ಅರ್ಜಿ ಹಾಕಬೇಕು.

ದಾನಿ ಒಂದು ಘೋಷಣೆ ತುಂಬಿಕೊಡಬೇಕು. ಪೂರ್ತಿ ಹೆಸರು, ಮನೆ ವಿಳಾಸ, ತಾನು ಇಲ್ಲಿನ ತೆರಿಗೆದಾರ ಎಂಬ ಮಾತು, ತಾನು ಕಟ್ಟಿದ ತೆರಿಗೆ ಸಾಲದಿದ್ದರೆ ವ್ಯತ್ಯಾಸ ತಾನೇ ಕಟ್ಟುತ್ತೇನೆ ಎಂಬ ಒಪ್ಪಿಗೆ. ಕೊನೆಯದನ್ನು ಯಾರೂ ಓದುವುದಿಲ್ಲ. ವಿದ್ಯಾರ್ಥಿಯಾಗಿ ಬಂದವರು, ಗಂಡ ಅಥವಾ ಹೆಂಡತಿಯ ವೀಸಾದ ಮೇಲೆ ಬಂದು ಇನ್ನೂ ಕೆಲಸಕ್ಕೆ ಸೇರದವರು ತೆರಿಗೆ ಕಟ್ಟುತ್ತಿರುವುದಿಲ್ಲ, ಅಲ್ವಾ? ಅವರಿಂದ ಸಹಿ ಹಾಕಿಸಬೇಡಿ. ದಾನ ಪಡೆಯಿರಿ, ಘೋಷಣೆ ಬೇಡ.

ಟಿಕೆಟ್ ಹಣಕ್ಕೆ ಗಿಫ್ಟ್ ಏಡ್ ಇಲ್ಲ. ಆಟ ನೋಡಲು ಕೊಟ್ಟದ್ದು ದಾನವಲ್ಲ. ಮಕ್ಕಳ ಹೆಜ್ಜೆ ತರಗತಿಯ ಶುಲ್ಕವೂ ಅಷ್ಟೇ. ಹಾಗೆಂದು ಟಿಕೆಟ್ಟನ್ನೇ "ದಾನ" ಎಂದು ಕರೆದು 15 ಪೌಂಡ್ ಇಲ್ಲದೆ ಒಳಗೆ ಬಿಡದಿದ್ದರೆ ಅದೂ ಟಿಕೆಟ್ಟೇ. ಬಾಗಿಲಲ್ಲಿ ಎರಡು ಡಬ್ಬಿ ಇಡುವುದು ಒಳ್ಳೆಯದು, ಟಿಕೆಟ್ಟಿಗೊಂದು, ದಾನಕ್ಕೊಂದು. ಮಂಗಳಾರತಿ ತಟ್ಟೆಗೂ ಇಲ್ಲೊಂದು ಯೋಜನೆ ಇದೆ. 30 ಪೌಂಡ್ ಒಳಗಿನ ನಗದು ಅಥವಾ ಕಾರ್ಡ್ ತಾಗಿಸಿ ಕೊಟ್ಟ ಸಣ್ಣ ದಾನಗಳಿಗೆ ಘೋಷಣೆ ಇಲ್ಲದೆಯೂ ಶೇ. 25 ಸಿಗುತ್ತದೆ. ತೆರಿಗೆ ವರ್ಷವೊಂದಕ್ಕೆ 8,000 ಪೌಂಡ್ ದಾನದವರೆಗೆ ಮಿತಿ. ಆದರೆ ಅದೇ ವರ್ಷ ಮಾಮೂಲಿ ಗಿಫ್ಟ್ ಏಡ್ ಕೇಳಿದ ದಾನದ ಹತ್ತು ಪಟ್ಟು ದಾಟುವಂತಿಲ್ಲ. ಹಾಗಾಗಿ 300 ಪೌಂಡ್‌ಗೆ ಘೋಷಣೆ ಇದ್ದರೆ ತಟ್ಟೆಗೆ ಬಿದ್ದ 3,000 ಪೌಂಡ್ ತನಕದ ದಾನಕ್ಕೆ ಆ ಶೇ. 25 ಕೇಳಬಹುದು.

ಇಷ್ಟೆಲ್ಲ ಯಾಕೆಂದರೆ ಟಿಕೆಟ್ಟಿನಿಂದ ಖರ್ಚು ಹುಟ್ಟುವುದು ಕಷ್ಟ. 180 ಕುರ್ಚಿಯ ಹಾಲ್, ಟಿಕೆಟ್ 12 ಪೌಂಡ್ ಅಂದುಕೊಳ್ಳಿ. ತುಂಬಿದರೆ 2,160. ಬಜೆಟ್ ಮಾತ್ರ ಶೇ. 60 ತುಂಬುತ್ತದೆ ಎಂದೇ ಮಾಡಿ, ಅಂದರೆ 1,296. ಹಾಲ್, ಬೆಳಕು, ವೇಷಭೂಷಣ ಸಾಗಿಸುವುದು, ವಿಮೆ ಎಲ್ಲ ಅದರಲ್ಲೇ ಆಗಬೇಕು. ಇಂಗ್ಲಿಷ್ ಮ್ಯೂಸಿಕಲ್ (ಹಾಡು ಕುಣಿತದ ನಾಟಕ) ಆಡುವ ಸಂಘಗಳಿಗೆ ಹಕ್ಕುಸ್ವಾಮ್ಯದ ಖರ್ಚೂ ಇರುತ್ತದೆ. ಎಂಟಿಐ, ಕಾನ್‌ಕಾರ್ಡ್‌ನಂಥ ಕಂಪನಿಗಳಿಂದ ಪರವಾನಗಿ ಪಡೆಯಬೇಕು. ಹಾಲ್‌ಗೆ ಸಂಗೀತದ ಪರವಾನಗಿ ಇದ್ದರೂ ಮ್ಯೂಸಿಕಲ್ ಆಡಲು ಅದು ಸಾಲದು. ಹಳೆಯ ಪ್ರಸಂಗಗಳಿಗೆ ಈ ರಗಳೆ ಇಲ್ಲ. ಹೊಸ ಪ್ರಸಂಗವಾದರೆ ಕವಿಗಳಿಂದ ಪತ್ರದಲ್ಲಿ ಒಪ್ಪಿಗೆ ಪಡೆಯಿರಿ. ಭಾರತದಲ್ಲಿ ಹಕ್ಕುಸ್ವಾಮ್ಯವು ಕವಿ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ.

ಅನುದಾನಕ್ಕೆ ಸುಲಭದ ಬಾಗಿಲು ನ್ಯಾಷನಲ್ ಲಾಟರಿಯ ಅವಾರ್ಡ್ಸ್ ಫಾರ್ ಆಲ್. 300ರಿಂದ 20,000 ಪೌಂಡ್ ತನಕ ಕೊಡುತ್ತಾರೆ. ಮಕ್ಕಳಿಗೆ ಯಕ್ಷಗಾನ ಕಲಿಸಲು ಎಂದು ಬಂದ ಹಣವನ್ನು ಕಿರೀಟ ಕೊಳ್ಳಲು ಬಳಸುವಂತಿಲ್ಲ. ಬಳಸಿದರೆ ಟ್ರಸ್ಟಿಗಳು ಕೈಯಿಂದ ತುಂಬಿಕೊಡಬೇಕಾಗಬಹುದು. ಆಟದ ದಿನ ಹಾಲ್‌ನಲ್ಲೇ ಚೀಟಿ ಮಾರಿ ರಾಫೆಲ್ (ಬಹುಮಾನದ ಲಕ್ಕಿ ಡ್ರಾ) ಎತ್ತಲು ಪರವಾನಗಿ ಬೇಡ. ಮೊದಲೇ ಊರೆಲ್ಲ ಮಾರುವುದಾದರೆ ಸ್ಥಳೀಯ ಆಡಳಿತವಾದ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿ. ಮೊದಲ ಸಲ 40 ಪೌಂಡ್, ಆಮೇಲೆ ವರ್ಷಕ್ಕೆ 20.

ಇಡೀ ರಾತ್ರಿ ಆಟದ ಆಸೆ ಇದ್ದರೆ ಕೇಳಿ. ಬೆಳಿಗ್ಗೆ 8ರಿಂದ ರಾತ್ರಿ 11ರ ತನಕ, 500 ಪ್ರೇಕ್ಷಕರ ಒಳಗೆ, ನಾಟಕ ಆಡಲು ಪರವಾನಗಿ ಬೇಡ. ಹಾಲ್‌ಗೆ ಬೇರೆ ಪರವಾನಗಿ ಇಲ್ಲದಿದ್ದರೆ 11 ದಾಟಿದ ಮೇಲೆ ಆಡಲು ಕೌನ್ಸಿಲ್‌ಗೆ ಟೆಂಪರರಿ ಇವೆಂಟ್ ನೋಟಿಸ್ ಕೊಡಬೇಕು. 21 ಪೌಂಡ್, ಕನಿಷ್ಠ 10 ಕೆಲಸದ ದಿನ ಮೊದಲು, ಕಲಾವಿದರೂ ಸೇರಿ 499 ಜನ. ಗಲಾಟೆಯ ದೂರು ನೋಡುವ ಅಧಿಕಾರಿಗಳು ಆಕ್ಷೇಪ ಎತ್ತಬಹುದು. ನಡುರಾತ್ರಿ ಚಂಡೆಯ ಸದ್ದು ಅವರಿಗೆ ಹೇಗೆ ಕೇಳಿಸುತ್ತದೆ ಎಂದು ನೀವೇ ಊಹಿಸಿ. ದೊಂದಿ ಹಿಡಿದು ರಾಳ ಹಾರಿಸುವುದನ್ನು ಹಾಲ್‌ನವರಿಗೆ ಮೊದಲೇ, ಬರವಣಿಗೆಯಲ್ಲಿ ತಿಳಿಸಿ.

ಬಾಲಗೋಪಾಲ ವೇಷಕ್ಕೆ ಮಕ್ಕಳು ಬೇಕಲ್ಲ? ಟಿಕೆಟ್ ಇಟ್ಟ ಆಟದಲ್ಲಿ ಮಕ್ಕಳು ಕುಣಿದರೆ ಕೌನ್ಸಿಲ್‌ನ ಪರವಾನಗಿ ನಿಯಮ ಅನ್ವಯಿಸುತ್ತದೆ. ಸಂಭಾವನೆ ಇಲ್ಲದ ಹವ್ಯಾಸಿ ಸಂಘ ಇಡೀ ತಂಡಕ್ಕೆ ಒಂದೇ ಅನುಮೋದನೆ ಕೇಳಬಹುದು. ಆಟಕ್ಕೆ ತಿಂಗಳುಗಟ್ಟಲೆ ಮೊದಲೇ ಕೇಳಿ.

ಊರಿಂದ ಕಲಾವಿದರನ್ನು ಕರೆಸುವುದಾದರೆ ಎರಡು ವಿಷಯ. ವೃತ್ತಿ ಕಲಾವಿದರು ಕಲಾಸಂಸ್ಥೆಯ ಆಹ್ವಾನದ ಮೇಲೆ ವಿಸಿಟರ್ ವೀಸಾದಲ್ಲೇ ಬಂದು, ಬಂದ 30 ದಿನದ ಒಳಗೆ, ಸಂಭಾವನೆ ಪಡೆದು ಆಡಬಹುದು. ಆದರೆ ಅದು ಹೊರಡುವ ಮೊದಲೇ ಗೊತ್ತಾಗಿರಬೇಕು, ಅರ್ಜಿಯಲ್ಲಿ ಹೇಳಿರಬೇಕು. ಎರಡನೆಯದು ತೆರಿಗೆ. ವಿಮಾನದ ಟಿಕೆಟ್ಟೂ ಸೇರಿ ಒಬ್ಬರಿಗೆ ವರ್ಷದಲ್ಲಿ ಕೊಟ್ಟದ್ದು 12,570 ಪೌಂಡ್ ದಾಟಿದರೆ ಶೇ. 20 ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ನಮ್ಮ ಸಂಘಗಳು ಆ ಗೆರೆ ಮುಟ್ಟುವುದು ಅಪರೂಪ.

ಕೊನೆಗೆ ಊರಿಗೆ ಹಣ ಕಳಿಸುವುದು. "ಉಳಿದದ್ದನ್ನು ನಮ್ಮೂರ ಮೇಳಕ್ಕೆ ಕೊಡೋಣ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಇಲ್ಲಿನ ಕಾನೂನಿನಲ್ಲಿ ಅದು ಸಂಘದ ಉದ್ದೇಶದ ಒಳಗೆ ಬರಬೇಕು, ಹಣ ಸರಿಯಾಗಿ ಬಳಕೆಯಾದ ದಾಖಲೆ ಇರಬೇಕು. ಭಾರತದ ಕಡೆ ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ 2010ರ ಎಫ್‌ಸಿಆರ್‌ಎ ಕಾಯ್ದೆ ಇದೆ. ಹಣ ಪಡೆಯುವ ಸಂಸ್ಥೆಗೆ ಆ ನೋಂದಣಿ ಇರಬೇಕು, ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬೀಳಬೇಕು. ಹಳ್ಳಿಯ ದೇವಸ್ಥಾನದ ಆಟದ ಸಮಿತಿಗೆ ಇದೆಲ್ಲ ಎಲ್ಲಿಂದ ಬರಬೇಕು? ಭಾರತದ ಪಾಸ್‌ಪೋರ್ಟ್ ಇರುವ ಸದಸ್ಯರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಒಸಿಐ ಕಾರ್ಡಿನವರು (ಬೇರೆ ದೇಶದ ಪೌರತ್ವ ಇರುವ ಭಾರತ ಮೂಲದವರು) ಕಳಿಸಿದರೆ ಅದು ವಿದೇಶಿ ದೇಣಿಗೆಯೇ. ಹಾಗಾಗಿ ಹರಕೆ ಆಟದ ಹಣವನ್ನು ಸಂಘದ ಖಾತೆಗೆ ತರಲೇಬೇಡಿ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಖಾತೆಯಿಂದಲೇ ನೇರವಾಗಿ ಕಳಿಸಲಿ.