ಬಡವರ ವಸತಿ ಬ್ಲಾಕು: ಮೊದಲು ಪಂಪು, ಆಮೇಲೆ ತಾರಸಿ, ಸೋಲಾರು ಕೊನೆಗೆ

ಕಲಬುರಗಿ, ರಾಯಚೂರು, ಬಳ್ಳಾರಿಯ ಕಡೆ ಕೊಳಗೇರಿ ಅಭಿವೃದ್ಧಿ ಮಂಡಳಿ ಕಟ್ಟಿಸಿಕೊಟ್ಟ ನೆಲಮಹಡಿ ಜತೆ ಮೂರು ಅಂತಸ್ತಿನ ಬ್ಲಾಕುಗಳಲ್ಲಿ ಎರಡು ಬಗೆಯ ಮೀಟರ್ ಇರುತ್ತವೆ. ಮನೆಯೊಳಗಿನ ಮೀಟರಿಗೆ ಗೃಹಜ್ಯೋತಿ ಇದೆ. ಪಂಪು ಮತ್ತು ಮೆಟ್ಟಿಲ ದೀಪದ ಮೀಟರಿನ ಬಿಲ್ಲನ್ನು ಮಾತ್ರ ಎಲ್ಲ ಮನೆಯವರೂ ಹಂಚಿಕೊಂಡು ಕಟ್ಟಬೇಕು. ಎಲ್ಲರದ್ದಾದ್ದರಿಂದ ಅದನ್ನು ಯಾರೂ ನೋಡುವುದಿಲ್ಲ. ಕೆಲಸ ಶುರುವಾಗಬೇಕಾದದ್ದು ಅಲ್ಲಿಂದಲೇ. ಇಲ್ಲಿನ ಲೆಕ್ಕವೆಲ್ಲ 16 ಮನೆಯ ಒಂದು ಬ್ಲಾಕಿಗೆ.

ಪಂಪು

16 ಮನೆಗೆ ದಿನಕ್ಕೆ ಸುಮಾರು 10,000 ಲೀಟರ್ ನೀರು ಬೇಕು. ಸಂಪಿನಿಂದ ಮೇಲಿನ ಟ್ಯಾಂಕಿಗೆ ಎತ್ತರ ಹತ್ತಿರ ಹತ್ತಿರ 15 ಮೀಟರ್. ಸುಸ್ಥಿತಿಯಲ್ಲಿರುವ ಒಂದು ಎಚ್‌ಪಿ ಪಂಪು ಇಷ್ಟು ನೀರು ಏರಿಸಲು 1.5 ಯೂನಿಟ್ ಆಸುಪಾಸು ಕುಡಿಯುತ್ತದೆ. ನಿಮ್ಮದು ಎಷ್ಟು ಕುಡಿಯುತ್ತಿದೆ ಎಂದು ಒಂದು ಬೆಳಿಗ್ಗೆ ಅಳೆದುಬಿಡಿ. ಮೆಟ್ಟಿಲ ದೀಪಗಳನ್ನೆಲ್ಲ ಆರಿಸಿ. ಟ್ಯಾಂಕು ಬರಿದಾಗಿರುವಾಗ ಮನೆಗಳಿಗೆ ಇಳಿಯುವ ವಾಲ್ವ್ ಮುಚ್ಚಿ, ಇಲ್ಲವಾದರೆ ತುಂಬುತ್ತಿರುವಾಗಲೇ ನೀರು ಖರ್ಚಾಗಿ ಲೆಕ್ಕ ತಪ್ಪುತ್ತದೆ. ಮೀಟರ್ ಓದಿ ಬರೆದುಕೊಂಡು ಪಂಪು ಹಾಕಿ, ಟ್ಯಾಂಕು ತುಂಬಿದ ಮೇಲೆ ಮತ್ತೆ ಓದಿ. 10,000 ಲೀಟರಿಗೆ 2 ಯೂನಿಟ್ ದಾಟಿದರೆ ಎಲ್ಲೋ ದೋಷವಿದೆ.

ದೋಷ ಎಲ್ಲಿದೆ ಎಂಬುದಕ್ಕೆ ಪಂಪೇ ಸುಳಿವು ಕೊಡುತ್ತದೆ. ದಿನಾ ಬೆಳಿಗ್ಗೆ ಪಂಪಿಗೆ ನೀರು ಹಾಕಿಯೇ ಶುರು ಮಾಡಬೇಕಾದರೆ ಹೀರುವ ಪೈಪಿನ ಕೆಳತುದಿಯಲ್ಲಿ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಫುಟ್ ವಾಲ್ವ್ ಸೋರುತ್ತಿದೆ. ಕಸ ಸಿಕ್ಕಿರಬಹುದು, ವಾಷರ್ ಸವೆದಿರಬಹುದು. ನೀರು ಬಿಟ್ಟು ಬಿಟ್ಟು ಚಿಮ್ಮುತ್ತಿದ್ದರೆ ಹೀರುವ ಪೈಪಿನ ಜಾಯಿಂಟಿನಲ್ಲಿ ಗಾಳಿ ನುಗ್ಗುತ್ತಿದೆ. ಬಿಚ್ಚಿ, ಟೇಪು ಸುತ್ತಿ, ಮತ್ತೆ ಬಿಗಿ ಮಾಡಿ. ಸದ್ದು ಸರಿಯಾಗಿದ್ದೂ ನೀರು ಕಡಿಮೆ ಎಂದರೆ ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ, ಅಂದರೆ ಇಂಪೆಲ್ಲರ್, ಸವೆದಿರುತ್ತದೆ. ಮರಳು ಬರುವ ಬೋರ್‌ವೆಲ್ ನೀರಿದ್ದಲ್ಲಿ ಇದು ಬೇಗ ಆಗುತ್ತದೆ.

ಟ್ಯಾಂಕು ತುಂಬಿ ಸುರಿಯುವುದು ಇನ್ನೂ ದೊಡ್ಡ ನಷ್ಟ. ನಿಮಿಷಕ್ಕೆ 130 ಲೀಟರ್ ಏರಿಸುವ ಪಂಪನ್ನು ಹತ್ತು ನಿಮಿಷ ಮರೆತರೆ 1,300 ಲೀಟರ್ ಚರಂಡಿಗೆ ಹೋಯಿತು. ಮೇಲಿನ ಟ್ಯಾಂಕಿಗೊಂದು, ಸಂಪಿಗೊಂದು ಫ್ಲೋಟ್ ಸ್ವಿಚ್ ಹಾಕಿಸಿ; ನೀರಿನ ಮಟ್ಟಕ್ಕೆ ತಕ್ಕಂತೆ ಅದು ತಾನೇ ಪಂಪನ್ನು ನಿಲ್ಲಿಸುತ್ತದೆ. ಸಂಪಿನದು ನೀರಿಲ್ಲದಾಗ ಪಂಪು ಓಡಿ ಸುಟ್ಟುಹೋಗದಂತೆ ಕಾಯುತ್ತದೆ. ಫ್ಲೋಟಿನ ತಂತಿಯ ಮೂಲಕ ನೇರವಾಗಿ ಮೋಟರಿಗೆ ಕರೆಂಟ್ ಕೊಡಿಸಬೇಡಿ, ಸ್ಟಾರ್ಟರಿನ ಮೂಲಕವೇ ಜೋಡಿಸಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ನೇರ ಕೊಟ್ಟರೆ ಫ್ಲೋಟಿನ ಒಳಗಿನ ಸಂಪರ್ಕ ಬೆಸೆದುಕೊಂಡು, ಆಫ್ ಆಗುವುದೇ ನಿಂತುಹೋಗುತ್ತದೆ.

ತೊಟ್ಟಿಕ್ಕುವ ನಲ್ಲಿಯ ಕೆಳಗೆ 200 ಮಿಲಿ ಲೋಟ ಇಡಿ. ಹತ್ತು ನಿಮಿಷದಲ್ಲಿ ತುಂಬಿದರೆ ದಿನಕ್ಕೆ ಸುಮಾರು 29 ಲೀಟರ್ ಹೋಗುತ್ತಿದೆ ಎಂದರ್ಥ.

ಮೆಟ್ಟಿಲ ದೀಪ

ಮಹಡಿಗೆ ಎರಡರಂತೆ ಎಂಟು ಹಳೆಯ ಟ್ಯೂಬ್‌ಲೈಟುಗಳು, ಚೋಕ್ ಸೇರಿ ಒಂದಕ್ಕೆ 50 ವ್ಯಾಟ್. ರಾತ್ರಿ 12 ಗಂಟೆ ಉರಿದರೆ 4.8 ಯೂನಿಟ್, ಅಂದರೆ ಪಂಪಿನ ಮೂರು ಪಟ್ಟು. 9 ವ್ಯಾಟಿನ ಎಲ್‌ಇಡಿ ಹಾಕಿದರೆ ಅದು 0.9 ಯೂನಿಟಿಗೆ ಇಳಿಯುತ್ತದೆ. ಕತ್ತಲಾದಾಗ ತಾನೇ ಹೊತ್ತಿ, ಬೆಳಗಾದಾಗ ಆರುವ ಸೆನ್ಸರ್ ಹಾಕಿಸುವಾಗ ಅದನ್ನು ದೀಪದ ಬೆಳಕು ಬೀಳದ ಕಡೆ, ಹೊರಗೋಡೆಗೆ ಇಡಿಸಿ. ದೀಪದ ಎದುರಿಗೇ ಇಟ್ಟರೆ ಹೊತ್ತಿದ ಬೆಳಕನ್ನೇ ಹಗಲೆಂದುಕೊಂಡು ಆರಿಸುತ್ತದೆ, ಆರಿದ ಕೂಡಲೇ ಮತ್ತೆ ಹೊತ್ತಿಸುತ್ತದೆ, ಎಲ್‌ಇಡಿ ಹಾಳಾಗುತ್ತದೆ.

ತಾರಸಿಗೆ ಸುಣ್ಣ

ಮೇಲಿನ ಮಹಡಿಯ ನಾಲ್ಕು ಮನೆಗಳಿಗೆ ಏಪ್ರಿಲ್ ಮೇ ಎಂದರೆ ಕಾದ ಹೆಂಚಿನ ಕೆಳಗಿನ ಬಾಳು. ಬರಿಯ ಕಾಂಕ್ರೀಟು ಬಿಸಿಲಿನ ಬಹುಪಾಲನ್ನು ಹಗಲೆಲ್ಲ ಹೀರಿಕೊಂಡು ರಾತ್ರಿ ಒಳಗೆ ಬಿಡುತ್ತದೆ. ಕೂಸು, ಮುದುಕರು ನಿದ್ದೆ ಮಾಡದಿರುವುದು ಅದಕ್ಕೇ. ಬಿಳಿ ಸುಣ್ಣ ಆ ಬಿಸಿಲನ್ನು ಹೀರಿಕೊಳ್ಳುವ ಮೊದಲೇ ಹಿಂದಕ್ಕೆ ಅಟ್ಟುತ್ತದೆ. ಕೆಳಮಹಡಿಯವರು ‘ನಮಗೇನು ಲಾಭ’ ಎಂದು ಕೇಳಿಯೇ ಕೇಳುತ್ತಾರೆ. ಖರ್ಚು ಎಲ್ಲರ ದುಡ್ಡಿನಿಂದಲೇ ಆಗಲಿ: ತಾರಸಿ ಎಲ್ಲರದ್ದು, ಅಲ್ಲಿನ ಕಪ್ಪು ಟ್ಯಾಂಕಿನ ಬಿಸಿನೀರು ಎಲ್ಲರ ನಲ್ಲಿಗೂ ಬರುತ್ತದೆ. ಟ್ಯಾಂಕಿಗೂ ಹೊರಗಿನಿಂದ ಬಿಳಿ ಪೇಂಟು ಬಳಿಸಿ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದಲ್ಲ, ಆ ಹೊತ್ತಿಗೆ ಕೆಲಸ ಮುಗಿದಿರಬೇಕು. 100 ಚದರ ಮೀಟರ್ ತಾರಸಿಗೆ ಮೂರು ಕೋಟು ಹೊಡೆಯಲು 30ರಿಂದ 40 ಕೆಜಿ ಸುಟ್ಟ ಸುಣ್ಣ ತರಿಸಿ. ಒರಟು ತಾರಸಿ ಹೆಚ್ಚು ಕುಡಿಯುತ್ತದೆ. ಕೆಜಿಗೆ 5 ಲೀಟರ್ ನೀರಿನ ಲೆಕ್ಕದಲ್ಲಿ ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು ಹಾಕಿ, ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಬಿಡಿ. ಕೊತಕೊತ ಕುದಿಯುತ್ತದೆ, ಪ್ಲಾಸ್ಟಿಕ್ ತಡೆಯುವುದಿಲ್ಲ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇಲ್ಲದೆ ಹತ್ತಿರ ಹೋಗಬೇಡಿ; ಮಕ್ಕಳನ್ನು ಮೇಲಕ್ಕೇ ಬಿಡಬೇಡಿ. 24 ಗಂಟೆ ಬಿಟ್ಟು ಒರಟು ಬಟ್ಟೆಯಲ್ಲಿ ಸೋಸಿ. ಹತ್ತು ಲೀಟರಿಗೆ 40 ಗ್ರಾಂ ಗೋಂದನ್ನು ಬಿಸಿನೀರಿನಲ್ಲಿ ಕರಗಿಸಿ ಸೇರಿಸಿ. ಗೋಡೆಗೆ ಹಾಕುವ ನೀಲಿ ಇಲ್ಲಿ ಬೇಡ.

ತಾರಸಿಯ ಬಿರುಕುಗಳನ್ನು ಮೊದಲೇ ಸಿಮೆಂಟಿನಿಂದ ಮುಚ್ಚಿ, ಪಾಚಿ ಉಜ್ಜಿ, ತೊಳೆದಿರಿ. ಬಳಿಯುವುದು ಸಂಜೆ, ತಾರಸಿಗೆ ನೀರು ಚಿಮುಕಿಸಿ, ತೇವ ಇರುವಾಗಲೇ. ಒಣ ತಾರಸಿಗೆ ಬಳಿದ ಸುಣ್ಣದ ನೀರನ್ನು ಕಾಂಕ್ರೀಟು ಥಟ್ಟನೆ ಎಳೆದುಕೊಳ್ಳುತ್ತದೆ. ಸುಣ್ಣ ಗಟ್ಟಿಯಾಗಲು ತೇವ ಬೇಕು, ಅದಿಲ್ಲದೆ ಪುಡಿಯಾಗಿ ಕಾಲಿಗಂಟುತ್ತದೆ. ಹಾಲಿನಷ್ಟು ತೆಳ್ಳಗಿರಲಿ. ಒಂದೇ ಸಲ ದಪ್ಪ ಬಳಿದರೆ ಹಕ್ಕಳೆಯಾಗಿ ಏಳುತ್ತದೆ. ಒಂದು ಕೋಟು ಒಣಗಿದ ಮೇಲೆಯೇ ಇನ್ನೊಂದು. ಮಳೆಗಾಲದಲ್ಲಿ ಇದು ತೊಳೆದುಹೋಗುತ್ತದೆ, ಪ್ರತಿ ವರ್ಷ ಬಳಿಯಬೇಕು. ಮಳೆನೀರು ಸಂಪಿಗೆ ಇಳಿಯುವ ವ್ಯವಸ್ಥೆ ಇದ್ದರೆ ಮೊದಲ ಕೆಲವು ಮಳೆಯ ನೀರನ್ನು ಹೊರಗೆ ಬಿಡಿ.

ಕಲ್ನಾರಿನ ಶೀಟಿನ ಮನೆಗಳಲ್ಲಿ ಶೀಟನ್ನು ಉಜ್ಜಬೇಡಿ, ಕೊರೆಯಬೇಡಿ, ಮೇಲೆ ಹತ್ತಬೇಡಿ. ಅದರ ಪುಡಿ ಶ್ವಾಸಕೋಶಕ್ಕೆ ಅಪಾಯ; ಶೀಟು ಒಡೆದು ಬಿದ್ದವರೂ ಇದ್ದಾರೆ.

ಮನೆಯೊಳಗೆ

75 ವ್ಯಾಟಿನ ಹಳೆ ಫ್ಯಾನಿನ ಬದಲು ಕಡಿಮೆ ಕರೆಂಟ್ ಕುಡಿಯುವ ಬಿಎಲ್‌ಡಿಸಿ ಮೋಟರಿನ 30 ವ್ಯಾಟಿನ ಫ್ಯಾನು, ದಿನಕ್ಕೆ 12 ಗಂಟೆ ತಿರುಗಿದರೆ, ತಿಂಗಳಿಗೆ 16 ಯೂನಿಟ್ ಉಳಿಸುತ್ತದೆ. ಗೋಡೆಯ ರೆಗ್ಯುಲೇಟರನ್ನು ಮಾತ್ರ ತೆಗೆಸಿ, ಅದರ ಜತೆ ಈ ಫ್ಯಾನು ಹೊಂದುವುದಿಲ್ಲ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಕೂಲರ್ ಇರುವ ಮನೆಗೆ ಬೇಸಿಗೆಯಲ್ಲಿ ಈ 16 ಯೂನಿಟ್ ಸಣ್ಣದಲ್ಲ.

ಸೋಲಾರು

ಒಂದು ಕಿಲೋವ್ಯಾಟ್ ಪ್ಯಾನೆಲ್ ನಮ್ಮ ಬಿಸಿಲಿಗೆ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ, 10 ಚದರ ಮೀಟರ್ ನೆರಳಿಲ್ಲದ ಜಾಗ ಕೇಳುತ್ತದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ವಸತಿ ಸಂಘಗಳ ಸಾಮಾನ್ಯ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಹಾಯಧನ ನಿಗದಿಯಾಗಿತ್ತು. ಅದಕ್ಕೆ ಸಂಘ ನೋಂದಣಿಯಾಗಿರಲಿ. ಸೋರುವ ಪಂಪು, ಹಳೆ ಟ್ಯೂಬ್‌ಲೈಟು ಇಟ್ಟುಕೊಂಡೇ ಹಾಕಿಸಿದರೆ ದಿನದ 7 ಯೂನಿಟಿಗೆ 2 ಕಿಲೋವ್ಯಾಟ್ ಬೇಕಾಗುತ್ತದೆ. ಮೇಲಿನದೆಲ್ಲ ಮುಗಿಸಿದ್ದರೆ ಬೇಕಾದದ್ದು ಎರಡೂವರೆ ಯೂನಿಟ್, ಒಂದೇ ಕಿಲೋವ್ಯಾಟ್ ಸಾಕು. ಕಾಲುಗಳನ್ನು ಊರಲು ತಾರಸಿ ಕೊರೆಯಲು ಬಿಡಬೇಡಿ, ಕಾಂಕ್ರೀಟ್ ದಿಮ್ಮಿಗಳ ಮೇಲೆ ನಿಲ್ಲಿಸಿ. ಕೊರೆದ ತೂತಿನಿಂದ ಮುಂದಿನ ಮಳೆಗೆ ಮೇಲಿನ ಮನೆಯ ಸೂರು ಸೋರುತ್ತದೆ.