ಫಿನ್‌ಮಾರ್ಕ್ ಗಡಿಗಳು: ಕೋಡ್ ನಂಬೋದು ಬಿಟ್ಟ ಮೇಲೆ ಲೆಕ್ಕ ಕೂಡಿತು

ನಾರ್ವೆಯ ತುತ್ತತುದಿಯ ಟ್ರಾಮ್ಸ್, ಫಿನ್‌ಮಾರ್ಕ್ ಜಿಲ್ಲೆಗಳು 2020ರ ಜನವರಿಯಲ್ಲಿ ಒಂದಾದವು, 2024ರ ಜನವರಿಯಲ್ಲಿ ಮತ್ತೆ ಬೇರೆಯಾದವು. ಅಲ್ಲಿನ ಪುರಸಭೆಗಳ ಹಳೇ-ಹೊಸ ಗಡಿ ನಕ್ಷೆಗಳನ್ನೂ ಅಂಕಿಅಂಶಗಳನ್ನೂ ಒಂದಕ್ಕೊಂದು ಹೊಂದಿಸೋ ಕೆಲಸ ನನ್ನದು. ಆಲ್ಟಾ ಪುರಸಭೆ ಇದ್ದಲ್ಲೇ ಇದೆ; ಅದನ್ನು ಗುರುತಿಸೋ ಸರ್ಕಾರಿ ಕೋಡ್ ಮಾತ್ರ 2012 ಇದ್ದದ್ದು 5403 ಆಗಿ, ಈಗ 5601.

'ಹೆಸರಿನ ಮೇಲೆ ಜಾಯಿನ್ ಮಾಡಿದ್ರೆ (ಒಂದೇ ಹೆಸರಿನ ಸಾಲುಗಳನ್ನು ಜೋಡಿಸಿದ್ರೆ) ಮುಗೀತಲ್ಲ' ಅಂದವರೇ ಎಲ್ಲ. ಮುಗಿಯಲಿಲ್ಲ. ಪೊರ್ಸಾಂಗರ್ ಪುರಸಭೆಗೆ ನಾರ್ವೇಜಿಯನ್, ಸಾಮಿ, ಕ್ವೆನ್ ಭಾಷೆಗಳಲ್ಲಿ ಒಂದೊಂದರಂತೆ ಮೂರು ಹೆಸರು. ಒಂದು ಫೈಲಿನಲ್ಲಿ ಒಂದೇ, ಇನ್ನೊಂದರಲ್ಲಿ ಮೂರೂ. ಕೋಡ್ ಕಥೆ ಇನ್ನೂ ಚೆಂದ. ಪೊರ್ಸಾಂಗರ್‌ನ ಹಳೇ ಕೋಡ್ 2020, ಬೆರ್ಲೆವೋಗ್‌ನದು 2024. ನನ್ನ ಸ್ಕ್ರಿಪ್ಟ್ ಅವನ್ನು ಇಸವಿ ಅಂದುಕೊಂಡು ಫಿಲ್ಟರ್ ಮಾಡಿತು, ನಾಲ್ಕು ದಿನ ಹಾಳು. ಕೋಡ್ ಕಾಲಂ ಟೆಕ್ಸ್ಟ್ ಆಗಿರಲಿ, ಹಿಂದೊಂದು ಅಕ್ಷರ ಅಂಟಿಸಿ.

ಕೊನೆಗೆ ಪ್ರತಿ ಪಾಲಿಗಾನ್‌ಗೆ (ನಕ್ಷೆಯಲ್ಲಿ ಒಂದು ಪುರಸಭೆಯ ಆಕಾರ) ನನ್ನದೇ ಐಡಿ ಕೊಟ್ಟೆ. ಜೊತೆಗೆ ಶುರು ದಿನ, ಕೊನೆ ದಿನ, ಬದಲಾವಣೆಯ ಬಗೆ. ಬಗೆ ಐದೇ: ಕೋಡ್ ಮಾತ್ರ ಬದಲು (ಆಲ್ಟಾ), ವಿಲೀನ (ಲೆನ್ವಿಕ್, ಬರ್ಗ್, ಟೋರ್ಸ್ಕೆನ್, ಟ್ರಾನೊಯ್ ಸೇರಿ ಸೆನ್ಯಾ), ವಿಭಜನೆ, ಜಿಲ್ಲೆ ಬದಲು (ನೂರ್ಲಾಂಡ್‌ನಲ್ಲಿದ್ದ ಟೆಲ್‌ಸುಂಡ್ ಟ್ರಾಮ್ಸ್ ಕಡೆಗೆ ಬಂತು), ಸಣ್ಣ ತಿದ್ದುಪಡಿ.

ಬೆವರಿಳಿಸಿದ್ದು ವಿಭಜನೆ. ಪಕ್ಕದ ನೂರ್ಲಾಂಡ್‌ನ ಟಿಸ್‌ಫ್ಯೋರ್ಡ್ 2020ರಲ್ಲಿ ನಾರ್ವಿಕ್‌ಗೂ ಹಮರೊಯ್‌ಗೂ ಹಂಚಿಹೋಯಿತು. ವಿಸ್ತೀರ್ಣದ ಪ್ರಕಾರ ಜನಸಂಖ್ಯೆ ಹಂಚಿದರೆ ತಪ್ಪೇ ತಪ್ಪು. ಬೆಟ್ಟದಲ್ಲಿ ಯಾರಿರ್ತಾರೆ? ಜನ ಇರೋದು ನಾರ್ವಿಕ್‌ಗೆ ಹೋದ ಶೊಪ್ಸ್‌ವಿಕ್, ಹಮರೊಯ್‌ಗೆ ಹೋದ ಡ್ರಾಗ್‌ನಂಥ ಊರುಗಳಲ್ಲಿ. ಅಂಕಿಅಂಶ ಇಲಾಖೆಯ 250 ಮೀಟರ್ ಜನಸಂಖ್ಯಾ ಗ್ರಿಡ್ (ಪ್ರತಿ ಚೌಕದಲ್ಲಿ ಎಷ್ಟು ಜನ ಅನ್ನೋ ಲೆಕ್ಕ) ಹಾಕಿ ಹಂಚಿದೆ, ಕೂಡಿತು.

ಹಳೇ-ಹೊಸ ನಕ್ಷೆಯ ಲೇಯರ್ ಒಂದರ ಮೇಲೊಂದಿಟ್ಟರೆ, ಗೆರೆಗಳು ಸರಿಯಾಗಿ ಕೂಡದೆ ಸಾವಿರಾರು ಸುಳ್ಳು ಸೀಳು ಚೂರುಗಳು. ವಿಸ್ತೀರ್ಣ ನೋಡಿ ಅಳಿಸಬೇಡಿ, ನಿಜವಾದ ದ್ವೀಪಗಳೂ ಹೋಗ್ತವೆ. ವಿಸ್ತೀರ್ಣವನ್ನು ಸುತ್ತಳತೆಯಿಂದ ಭಾಗಿಸಿ, ತೆಳ್ಳಗಿದ್ದದ್ದನ್ನು ಮಾತ್ರ ತೆಗೀರಿ. ಎಷ್ಟು ತೆಳ್ಳಗೆ ಅನ್ನೋದು ನನ್ನ ಹೊಟ್ಟೆಪಾಡು, ಹೇಳಲ್ಲ. ಗಡಿಗಳು ಸಮುದ್ರದೊಳಕ್ಕೂ ಚಾಚಿರ್ತವೆ, ಮೊದಲು ಕರಾವಳಿ ರೇಖೆಗೆ ಕತ್ತರಿಸಿ.

ಸುಮ್ಮನೆ ಕುತೂಹಲಕ್ಕೆ ಪೂರ್ವ ತುದಿಯ ವಾರ್ಡೊದ ವಿಸ್ತೀರ್ಣವನ್ನು ಯುಟಿಎಂ 33ರಲ್ಲೇ (ದುಂಡು ಭೂಮಿಯನ್ನು ವಲಯ ವಲಯವಾಗಿ ಚಪ್ಪಟೆ ನಕ್ಷೆಗೆ ಇಳಿಸೋ ಪದ್ಧತಿಯ 33ನೇ ವಲಯ) ಅಳೆದೆ: ನಿಜಕ್ಕಿಂತ ಸುಮಾರು 0.8 ಪ್ರತಿಶತ ಜಾಸ್ತಿ. ಆ ವಲಯದ ಮಧ್ಯರೇಖೆ ಪೂರ್ವ ರೇಖಾಂಶ 15 ಡಿಗ್ರಿ, ವಾರ್ಡೊ ಇರೋದು 31ರಲ್ಲಿ; ದೂರ ಹೋದಷ್ಟೂ ಅಳತೆ ಹಿಗ್ಗುತ್ತೆ. ವಿಸ್ತೀರ್ಣ ಕೆಡಿಸದ ಸಮಕ್ಷೇತ್ರ ಪ್ರೊಜೆಕ್ಷನ್‌ಗೆ ಬದಲಿಸಿದರೆ ಸರಿಹೋಗುತ್ತೆ.

ಡೇಟಾ, ನಕ್ಷೆ ತಂತ್ರಾಂಶ ಕ್ಯುಜಿಐಎಸ್ ಎರಡೂ ಪುಕ್ಕಟೆ. ಎರಡು ವಾರದ ಕೆಲಸ ಅಂತ 60 ಸಾವಿರಕ್ಕೆ ಒಪ್ಪಿದ್ದು ಏಳು ವಾರ ಎಳೀತು. ಆದರೆ 2013ರಿಂದ 2024ರವರೆಗಿನ ಪಟ್ಟಿಯಲ್ಲಿ ಈಗ ಜೋಡಿ ಸಿಗದ ಅನಾಥ ಸಾಲು ಒಂದೂ ಇಲ್ಲ. ನಾರ್ವೆಯ ಉತ್ತರದ ದ್ವೀಪಸಮೂಹ ಸ್ವಾಲ್ಬಾರ್ಡ್ ಯಾವ ಪುರಸಭೆಗೂ ಸೇರದ್ದು, ಅದನ್ನು ಬೇರೆ ಲೇಯರ್‌ನಲ್ಲೇ ಬಿಟ್ಟಿದ್ದೇನೆ.